ತುಟಿ ಕೂಡುವ ಅಕ್ಷರ

ನಾಯ್ಕಲ್ ಅಂತ ಕೂಗಲಿಕ್ಕ ತ್ರಾಸಿಲ್ಲ,
ತುಟಿಗೆ ತುಟಿ ತಾಗೋದಿಲ್ಲ ಆ ಹೆಸರಿನ್ಯಾಗ.
ಭೀಮರಾಯನಗುಡಿ ಬಂತಂದ್ರ
ಭ-ದಾಗ ಒಮ್ಮೆ, ಮ-ದಾಗ ಒಮ್ಮೆ
ಬಲಗಲ್ಲಕ್ಕ ಕರೆಂಟು ಹೊಡೀತದ.
ಹದಿನಾಲ್ಕು ವರ್ಷದ ಕಂಡಕ್ಟರ್ ನಾನು, ಯಾದಗಿರಿ ಡಿಪೋ.
ಆ ಸ್ಟಾಪಿಗೆ ಈಗ ಕಂಬಕ್ಕ ನಾಣ್ಯ ಬಡೀತೀನಿ,
ಮಂದಿ ತಿಳಕೊಂಡು ಇಳೀತಾರ.

ಮೊದಲು ಹಲ್ಲಂದ್ರು. ಕಿತ್ತರು.
ಬಾಜೂಕಿಂದು ಅಂದ್ರು. ಅದನ್ನೂ.
ಮೂರನೇದು ಕಿತ್ತ ಮ್ಯಾಲ ತಟ್ಟ್ಯಾಗ ಬಗ್ಗಿ ನೋಡಿದೆ:
ಹುಳುಕಿಲ್ಲ, ಕಪ್ಪಿಲ್ಲ,
ಬಿಳಿಜೋಳದ ಕಾಳಿನಂಥಾ ಹಲ್ಲು.

ಗಾಳಿ ಸೋಂಕ್ಯದ ಅಂದಳು ಅತ್ತಿ, ತಾಯತ ಕಟ್ಟಿದಳು.
ಒಂದು ಲೆಕ್ಕಕ್ಕ ಆಕಿದೇ ಖರೆ.
ಭೀಮಾ ಸೇತುವಿ ಮ್ಯಾಲ ಕಿಟಕಿ ಗಾಳಿ
ಗಲ್ಲಕ್ಕ ಸೋಂಕಿದ್ರ ಸಾಕು,
ಕೊಡಬೇಕಾದ ಚಿಲ್ಲರ ಮುಷ್ಟ್ಯಾಗೇ ಉಳೀತಿತ್ತು.

ಆ ಬ್ಯಾಸಗಿ
ಓಣಿಗೆ ಓಣಿನೇ ಕೂಲರಿನ ಮುಂದ ಮಲಗಿದ್ರ
ನಾನು ಅಡಗಿಮನಿ ಬಾಗಿಲ ಹಾಕ್ಕೊಂಡು ಕುಂತಿದ್ದೆ.
ಮಗಳು ರೊಟ್ಟಿ ಹಾಲಿನ್ಯಾಗ ನೆನಸಿ ಕೊಡತಿದ್ದಳು.
ಮುದ್ದು ಕೊಡೋದು ತಾನೇ ಬಿಟ್ಟಳು, ಯಾರೂ ಹೇಳಿರಲಿಲ್ಲ.
ಅದನ್ನ ಯಾವ ಚೀಟಿಯೊಳಗೂ ಯಾವ ಡಾಕ್ಟರೂ ಬರೀಲಿಲ್ಲ.

ಕಲಬುರಗಿಯೊಳಗ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು
ಹಳೇ ಟಿಕೀಟಿನ ಹಿಂದ ಮಾರಿ ಬರದು
ಕಿವಿ ಹತ್ತಿರದಿಂದ ಮೂರು ಗೆರಿ ಎಳದ.
ನಮ್ಮ ಡಿಪೋದಂಗ ಅದ ಅಂದೆ,
ಶಹಾಪುರ, ಗುರುಮಠಕಲ್, ಸೇಡಂ.
ನಕ್ಕ. ನಿಮ್ಮದು ನಡುವಿನ ರೂಟು ಕೆಟ್ಟದ ಅಂದ.
ಟ್ರೈಜೆಮಿನಲ್. ಅಂದು ನೋಡಿದೆ.
ಅದರ ನಡುವೂ ಒಂದು ಮಿ.

ಸ್ಕ್ಯಾನಿನ್ಯಾಗ ಏನಿಲ್ಲಲ್ಲ, ಡ್ಯೂಟಿ ಯಾಕ ಬದಲಿ ಬೇಕು,
ಕೇಳಿದರು ಡಿಪೋ ಸಾಹೇಬರು.
ಹೆಣ್ಮಕ್ಕಳ ಟಿಕೀಟಿನ ಮ್ಯಾಲೂ ಸೊನ್ನಿ ಅದ ರೀ,
ಹಂಗಂತ ಸೀಟಿನ್ಯಾಗ ಯಾರೂ ಕುಂತಿಲ್ಲೇನು?

ನಾಯ್ಕಲ್‌ದಾಗ ತಾಯಪ್ಪ ಏರಿದ ದಿನ
ಬಸ್ಸು ತುಂಬಿತ್ತು.
ಗಲ್ಲದ ಹತ್ತಿರ ಟವೆಲ್ಲು ಹಿಡಿದಿದ್ದ, ಒತ್ತಿರಲಿಲ್ಲ.
ಹಲ್ಲು ನೋಯೋರು ಒತ್ತತಾರ,
ನಾವು ತಾಗಗೊಡೋದಿಲ್ಲ.
ಶಹಾಪುರ ಒಂದು ಅಂದ, ಹಲ್ಲು ಕೀಳಸಲಿಕ್ಕ.
ಮಷೀನು ಹಂಗೇ ಹಿಡಕೊಂಡು ನಿಂತೆ.
ಬಾಯಿ ತೆಗೆದು ನನ್ನ ಮೂರು ಸಂದು ತೋರಿಸಿದೆ ಅವಗ,
ಐವತ್ತು ಮಂದಿ ಮುಂದ.

ಈಗ ನನ್ನ ಚೀಲದಾಗ ಒಂದು ವಹಿ ಅದ.
ಗೋಗಿಯ ಚಾಂದಬೀ, ದೋರನಹಳ್ಳಿಯ ಮಾಸ್ತರು,
ಹುಣಸಗಿಯ ಹುಡುಗಿ, ನಗೋದಕ್ಕ ಅಂಜತಾಳ.
ಹದಿನೇಳು ಹೆಸರು, ಒಟ್ಟು ಕಿತ್ತ ಹಲ್ಲು ನಲವತ್ತೊಂದು.
ಗುಳಿಗಿ ನಮ್ಮ ಜಿಲ್ಲಾದಾಗ ಸಿಗೋದಿಲ್ಲ.
ಒಂದು ಪಟ್ಟಿಗೆ ಒಂದು ದಿನದ ಕೂಲಿ ಹೋಗತದ,
ದಾರ್ಯಾಗ ಗಾಳಿ ಬ್ಯಾರೆ.

ಅರ್ಜಿ ಕೊಡಲಿಕ್ಕ ಹೋದಾಗ ಏಪ್ರಿಲ್.
ಕುಂದರ್ರಿ ಅಂದು ಪ್ರೀತಿಲೆ ಫ್ಯಾನು ಹಾಕಿದರು.
ಬಂದ್ ಮಾಡ್ರಿ ಸಾಹೇಬರ, ಅಂದೆ.
ಬಂದ್ ಮಾಡಿದರು.
ಹನ್ನೊಂದು ನಿಮಿಷ ಮಾತಾಡಿದೆ.
ಅವರ ಅಂಗಿ ಬೆನ್ನಿಗೆ ಅಂಟಿತು, ನನ್ನ ಮಾತಿಗೆ ಮಾತಿಗೂ ಗಲ್ಲ ಮಿಂಚಿತು.
ಇಬ್ಬರೂ ಎದ್ದು ಹೋಗಲಿಲ್ಲ.
ಬ್ಯಾನಿ ಅನ್ನೋ ಶಬ್ದಕ್ಕ ಬದಲಿ ಹುಡುಕಲಿಲ್ಲ ನಾನು,
ತುಟಿ ಪೂರಾ ಮುಚ್ಚಿ ತೆಗೆದೇ ಅಂದೆ.

ಗುಳಿಗಿ ಇನ್ನೂ ಬಂದಿಲ್ಲ.
ಮುಂದಿನ ವಾರ ವಿಚಾರಸ್ರಿ ಅಂದಾರ.
ಸೋಮವಾರ ಬರತೀನಿ ಅಂದೆ.
ಎರಡು ಸಲ ತುಟಿ ಕೂಡಿತು.