ದಿಡ್ಡಿ ಬಾಗಿಲು

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ಬೀದಿಯಂಚಿಗೆ ಹಗ್ಗ ಕಟ್ಟುತ್ತಾರೆ, ಹಿಡಿದು ನಡೆಯಲಿಕ್ಕೆ.
ಹಾಗೆ ಹಗ್ಗ ಹಿಡಿದೇ ಬಂದೆ, ರಾತ್ರಿ ಒಂಬತ್ತೂವರೆಗೆ,
ರಕ್ತನಿಧಿಯ ನೆಲಮಾಳಿಗೆಗೆ.
ಮೇಲಿನಿಂದ ಫೋನು. ಎದೆಲ್ಮಿರಾ, ರಾತ್ರಿಪಾಳಿಯ ನರ್ಸು:
"ಪರದೆ ಸುಮ್ಮನೆ ಗಿರಗಿರ ತಿರುಗ್ತಿದೆ ಮಾರಾಯ್ತಿ,
ಎಷ್ಟು ಚೀಲ ಇದೆ ಅಂತ ಬೆರಳು ಮಡಚಿ ಎಣಿಸಬೇಕಾ ನಾನು?"
ಎಣಿಸು, ಅಂದೆ. ಸದ್ಯಕ್ಕೆ.

ಸರ್ವರು ಸತ್ತಿಲ್ಲ. ಮುಟ್ಟಿದರೆ ಬೆಚ್ಚಗಿದೆ,
ಉಂಡು ಮಲಗಿದವರ ಹಾಗೆ ಫ್ಯಾನಿನ ಗೊರಕೆ.
ಒಳಗೆ ಎಲ್ಲ ಇದೆ: ಗುಂಪು, ತಾರೀಖು, ಕೊಟ್ಟವರ ಹೆಸರು.
ನಡುವೆ ನಿಂತದ್ದು ಫೈರ್‌ವಾಲು.
ಹೆಸರಲ್ಲಿ ಬೆಂಕಿ, ಹೆಸರಲ್ಲೇ ಗೋಡೆ,
ಬಿಚ್ಚಿ ನೋಡಿದರೆ ಒಂದು ಪಟ್ಟಿ:
ಇಂಥವರು ಬರಬಹುದು, ಇಂಥ ಬಾಗಿಲಿಂದ.

"ಇಲ್ಲ" ಅಂದಿದ್ದರೂ ಆಗುತ್ತಿತ್ತು.
ಇಲ್ಲ ಎಂಬುದೂ ಒಂದು ಮಾತೇ, ಕೇಳಿಸಿಕೊಂಡು ತಿರುಗಿ ಹೋಗಬಹುದು.
ಇದು ಬಾಗಿಲು ತಟ್ಟಿದ ಸದ್ದನ್ನೇ ನುಂಗಿಬಿಡುತ್ತದೆ.
ಹೊರಗಿನ ಯಂತ್ರ "ಇದ್ದೀಯಾ?" ಅನ್ನುತ್ತದೆ,
ಮೂರು ಸೆಕೆಂಡು ಕಾದು ಮತ್ತೆ,
ಆರು ಕಾದು ಮತ್ತೆ,
ಆಮೇಲೆ ಹನ್ನೆರಡು.
ಇಪ್ಪತ್ತೊಂದಕ್ಕೆ ಸೋಲೊಪ್ಪಿಕೊಳ್ಳುತ್ತದೆ.
ಈ ಲೆಕ್ಕ ನನಗೆ ಗೊತ್ತು. ಜಲಸಂಧಿಯ ಆಚೆ ದಡದಲ್ಲಿ,
ಪೊರ್ವೆನೀರಿನಲ್ಲಿ, ನನ್ನ ತಂಗಿ ಇದ್ದಾಳೆ.
ಏಳು ವರ್ಷವಾಯಿತು, ಫೋನು ಎತ್ತಿಲ್ಲ.

ಲಾಗು ತೆರೆದೆ. ತಪ್ಪು ಗೋಡೆಯದಲ್ಲ.
ಬೆಳಿಗ್ಗೆ ಕರೆಂಟು ಹೋಗಿ ಬಂದಿತ್ತು;
ನಿದ್ದೆಯಿಂದೆದ್ದ ಡೇಟಾಬೇಸು, ಅದರ ಹಳೇ ಚಾಳಿ,
ಕೈಗೆ ಸಿಕ್ಕ ಬೇರೊಂದು ಪೋರ್ಟಿನಲ್ಲಿ ಕೂತಿದೆ.
ನಿನ್ನೆ ನಲವತ್ತೊಂಬತ್ತು ಸಾವಿರದ ಏಳುನೂರ ಹನ್ನೆರಡು,
ಇವತ್ತು ಐವತ್ತೊಂದು ಸಾವಿರದ ಮೂವತ್ತು.
ಎದ್ದಾಗಲೆಲ್ಲ ಮನೆಯ ಬಾಗಿಲು ಕಿತ್ತು
ಬೇರೆ ಗೋಡೆಗೆ ಸಿಕ್ಕಿಸುವವರ ಹಾಗೆ.
ಕಾವಲುಗಾರ ಪಾಪ, ನಿನ್ನೆಯ ಬಾಗಿಲನ್ನೇ
ಕಾದುಕೊಂಡು ಕೂತಿದ್ದಾನೆ.

ಸಾಂತಿಯಾಗೋದಿಂದ ಮೇಲಧಿಕಾರಿ:
"ಎಲ್ಲ ತೆರೆದುಬಿಡು, ನಾಳೆ ನೋಡಿಕೊಳ್ಳೋಣ."
ಅವನಿಗೇನು. ಈ ಊರಲ್ಲಿ ಎಲ್ಲ ಬಾಗಿಲು ತೆರೆದರೆ
ಛಾವಣಿ ಹಾರಿಹೋಗುತ್ತದೆ. ಮಾತಿಗೆ ಹೇಳಿದ್ದಲ್ಲ, ನೋಡಿದ್ದೇನೆ.

ಕೋಟೆಯ ಹೆಬ್ಬಾಗಿಲು ಮೆರವಣಿಗೆಗೆ,
ಜೀವ ಉಳಿಸುವುದು ದಿಡ್ಡಿ.
ಸಾವಿರದ ನಾನೂರ ಮೂವತ್ತಮೂರು, ಒಂದೇ ಸಾಕು.
ಡೇಟಾಬೇಸಿನ ಕಿವಿ ಹಿಂಡಿ ಅಲ್ಲೇ ಕೂರಿಸಿದೆ,
ಇನ್ನು ಕರೆಂಟು ಹೋದರೂ ಅಲುಗಕೂಡದು.
ಪಟ್ಟಿಗೆ ಒಂದು ಸಾಲು: ಮೇಲಿನ ಮೂರು ಯಂತ್ರಗಳಿಂದ,
ಈ ಸಂಖ್ಯೆಗೆ, ಮಾತ್ರ.
ನಿನ್ನೆಯ ಸಾಲನ್ನು ಅಳಿಸಿದೆ. ಅದನ್ನು ಸಾಮಾನ್ಯವಾಗಿ
ಯಾರೂ ಅಳಿಸುವುದಿಲ್ಲ.

ಇದ್ದೀಯಾ?
ಇದ್ದೇನೆ, ನೀನು?
ಇದ್ದೇನೆ.
ಇಷ್ಟಾದ ಮೇಲೇ ಮಿಕ್ಕ ಮಾತೆಲ್ಲ.

"ಬಂತು!" ಎದೆಲ್ಮಿರಾ. "ಓ ನೆಗೆಟಿವ್ ನಾಲ್ಕು ಅಂತಿದೆ ಇದು.
ನಾನು ಎಣಿಸಿದ್ದು ಐದು."
ಇನ್ನೊಮ್ಮೆ ಎಣಿಸು, ಅಂದೆ.
ಚಪ್ಪಲಿಯ ಸದ್ದು ದೂರವಾಯಿತು. ಫ್ರಿಜ್ಜಿನ ಬಾಗಿಲು ತೆರೆದ ಸದ್ದು.
ಆಮೇಲೆ ಗಾಳಿ ಮಾತ್ರ.
ಮೂರು, ಆರು, ಹನ್ನೆರಡು.
ಇಪ್ಪತ್ತೊಂದು ದಾಟಿತು.
ಫೋನು ಇಡಲಿಲ್ಲ ನಾನು.