ಮೂರಕ್ಷರದ ಪಾಠ

ಫೋರ್ಟಿನ ರಾತ್ರಿಶಾಲೆ, ಎಂಟೂವರೆ.
ಕೈಯಲ್ಲಿನ್ನೂ ಕಪ್ಪು-ಬಸಿ ತೊಳೆದ ಸೋಡಾದ ಉರಿ.
ಐತಪ್ಪ ಮಾಸ್ತರು ಹಲಗೆಯ ಮೇಲೆ
ಇಂಗ್ಲಿಷಿನ ಮೂರಕ್ಷರ ಬರೆದರು: ವಿನ್.
ಅರ್ಥ ಯಾರು ಹೇಳುತ್ತೀರಿ?

ಗೆಲ್ಲು, ಅಂದೆ ನಾನು, ಮುಂದಿನ ಬೆಂಚಿನಿಂದ.
ಹಿಂದಿನಿಂದ ವಿಟ್ಲದ ಹೊಸ ಹುಡುಗ,
ಊರು ಬಿಟ್ಟು ಹನ್ನೊಂದೇ ದಿನವಾದವನು,
ಗೆಲ್ಲು ಅಂದ್ರೆ ಮರದ್ದಲ್ವಾ ಸರ್? ಹಲಸಿನ ಮರದ್ದು? ಅಂದ.
ಇಡೀ ಕ್ಲಾಸು ನಕ್ಕಿತು.
ಅವನೂ ನಕ್ಕ, ಸ್ವಲ್ಪ ತಡವಾಗಿ.

ಮಾಸ್ತರು ನಗಲಿಲ್ಲ. ಬೈಂಡು ಕಿತ್ತ ನಿಘಂಟು ತೆಗೆದು
ಬ್ರೆಡ್ಡು ಗೆಲ್ಲುವವನು ಎಂದರೆ
ಮನೆಗೆ ದುಡಿದು ಹಾಕುವವನು, ಎಂದರು.
ಬ್ರೆಡ್ಡು ಯಾರೊಂದಿಗೆ ಸೆಣಸಿ ಸೋತಿತೋ!
ದಿನಕ್ಕೆ ನಾನೂರು ಸ್ಲೈಸಿಗೆ ಮಸ್ಕಾ ಹಚ್ಚುವ ನಾನು
ಒಂದನ್ನೂ ಸೋಲಿಸಿದ್ದು ನೆನಪಿಲ್ಲ.
ಎರಡು ಸಲ ಕದ್ದು ತಿಂದದ್ದು ನೆನಪಿದೆ.

ಅದೇ ವಾರ ನಮ್ಮ ಸೇಠ್
ಗಿರಗಾಂವಿನ ಖೋಲಿಯ ಕೇಸು ಗೆದ್ದು ಪೇಡೆ ಹಂಚಿದ್ದ,
ಹತ್ತೊಂಬತ್ತು ವರ್ಷಕ್ಕೆ.
ಖೋಲಿಯಿದ್ದ ಮಹಡಿ
ಹಿಂದಿನ ಮಳೆಗಾಲಕ್ಕೇ ಬೀದಿಗೆ ಇಳಿದಿತ್ತು.
ಅದನ್ನೂ ಬರೆದುಕೊಂಡೆ.

ಆಮೇಲೆ ಹಳೆಯದೊಂದು ಅರ್ಥ, ಸಣ್ಣಕ್ಷರದಲ್ಲಿ:
ಹೆಣಗಿ ಹೆಣಗಿ ದಡ ಮುಟ್ಟುವುದು.
ಮಲ್ಪೆಯ ಹಿರಿಯಣ್ಣ ಕುಂದರ್ ತಲೆಯೆತ್ತಿದ.
ಹಾಗಾದರೆ ನಮ್ಮ ಅಪ್ಪ ಸೋತದ್ದು ಅನ್ನಬೇಕಾ ಸರ್?
ನಮ್ಮಲ್ಲಿ ದೋಣಿ ಬರಲಿಲ್ಲ ಅಂತಾರೆ, ಅಷ್ಟೆ.
ಫ್ಯಾನು ತಿರುಗುತ್ತಲೇ ಇತ್ತು.
ಮಾಸ್ತರು ನಿಘಂಟು ಮುಚ್ಚಿದರು,
ಬೆರಳು ಒಳಗಿಟ್ಟುಕೊಂಡೇ.

ರಾತ್ರಿ, ಕ್ಯಾಂಟೀನಿನ ಅಕ್ಕಿಮೂಟೆಗಳ ಮೇಲೆ ಒರಗಿ
ಅಮ್ಮನ ಕಾರ್ಡು ಇನ್ನೊಮ್ಮೆ ಓದಿದೆ.
ಜ್ವರ ಬಿಟ್ಟಿತಾ? ಈಗ ಗೆಲುವಾಗಿದ್ದೀಯಾ?
ಈ ಅರ್ಥ ಆ ನಿಘಂಟಿನಲ್ಲಿ ಬರಲೇ ಇಲ್ಲ.
ಇದರಲ್ಲಿ ಎದುರಾಳಿಯೇ ಇಲ್ಲವಲ್ಲ.
ಹೂಂ, ಗೆಲುವಾಗಿದ್ದೇನೆ, ಎಂದು ಬರೆದೆ.
ಜ್ವರ ಇನ್ನೂ ಇತ್ತು.

ಮೊನ್ನೆ ಆ ದಾರಿಯಲ್ಲಿ ಹೋದೆ.
ಶಾಲೆಯಿದ್ದಲ್ಲಿ ಕೊರಿಯರ್ ಆಫೀಸು.
ಎರಡನೇ ಮಹಡಿಯ ಒಡೆದ ಪೈಪಿನ ಪಕ್ಕ
ಗೋಡೆಯಿಂದಲೇ ಹೊರಟ ಒಂದು ಅಶ್ವತ್ಥ.
ಪ್ರತಿ ಮೇ ತಿಂಗಳು ಬಂದು ಕಡಿದು ಹೋಗುತ್ತಾರೆ,
ಪಾನ್‌ವಾಲಾ ಹೇಳಿದ, ಸುಣ್ಣ ಹಚ್ಚುತ್ತ.
ಕಡಿದ ಕಲೆಯ ಕೆಳಗಿಂದ ಈ ಸಲ ಎರಡು.

ವಿಟ್ಲದ ಹುಡುಗಾ, ನಿನ್ನ ಹೆಸರು ಮರೆತಿದ್ದೇನೆ.
ಬಾ, ಹಿಂದಿನ ಬೆಂಚಿನಿಂದಲೇ
ಇನ್ನೊಂದು ಸಲ ಹೇಳು.