ನಲವತ್ತೈದು ಸೆಕೆಂಡು

ದುಧನಿಯ ದಾಲ್ ಮಿಲ್ಲಿನ ಆಫೀಸಿನೊಳಗ
ಗುಟ್ಟೆಲ್ಲ ಮೊದಲು ಕ್ಯಾಲೆಂಡರಿನ ಬೆನ್ನಿಗಿದ್ದವು.
ಬ್ಯಾಂಕಿಂದು, ಜಿಎಸ್‌ಟಿದು, ಕರೆಂಟ್ ಬಿಲ್ಲಿಂದು,
ಎಲ್ಲಾ ಒಂದ ಬಸಿರಿನ ಅಕ್ಕತಂಗಿಯರು:
ಸಾವುಕಾರರ ಎತ್ತಿನ ಹೆಸರು, ಮುಂದ ಒಂದು ಎರಡು ಮೂರು.
ಎತ್ತು ಸತ್ತು ಆರು ವರ್ಷ.
ಹಮಾಲರಿಗೂ ಗೊತ್ತಿತ್ತು ಅದರ ಹೆಸರು.

ಡಿಸೆಂಬರ್ ಮುಗಿದದ್ದೇ ತಡ ಚಂದ್ರಭಾಗಾಬಾಯಿ
ಕ್ಯಾಲೆಂಡರ್ ಹರಿದು ಚಹಾದ ಮಾಡಕ್ಕ ಹಾಸಿದಳು.
ಆ ಸಂಜಿನೇ ನಾನು
ಕಪ್ಪು ಪರದೆಯೊಳಗ ಎಲ್ಲಾ ಇಳಿಸಿದೆ,
ಒಂದೊಂದಕ್ಕೂ ಒಂದೊಂದು ಕಮಾಂಡು,
ಯಾರ ನಾಲಿಗ್ಯಾಗೂ ಹೊರಳದ ಇಪ್ಪತ್ತಿಪ್ಪತ್ತು ಅಕ್ಷರ.
ಎಲ್ಲಕ್ಕೂ ಮ್ಯಾಲ ಒಂದೇ ಮುಚ್ಚಳ,
ಒಂದೇ ಮಾತು.

ಮಾತು ನನ್ನದಲ್ಲ, ನಮ್ಮಾಯಿದು.
ಹಗೇವಿನ ಬಾಯಿ ತೆಗೆದಾಗ ಆಕಿ
ಮೊದಲ ಮನಿಶಾನ್ನ ಇಳಿಸತಿರಲಿಲ್ಲ,
ಹಗ್ಗಕ್ಕ ಕಂದೀಲು ಕಟ್ಟಿ ಬಿಡತಿದ್ಲು.
ಆರಿದರ, ಒಳಗಿನ ಗಾಳಿ ಕೆಟ್ಟದ.
ಉರಿದರ, ಬಗ್ಗಿ ನೋಡಿ ಒಂದು ಮಾತು ಅಂತಿದ್ಲು.
ಏನಂತ ಇಲ್ಲಿ ಬರೆಯೂದಿಲ್ಲ.

ಈಗ ಕರ್ಸರ್ ಮಿಣಿಮಿಣಿ ಅಂತದ ಆ ಆಳದೊಳಗ.
ಎಷ್ಟು ಬಡದ್ರೂ ಒಂದು ಚುಕ್ಕಿ ಮೂಡೂದಿಲ್ಲ.
ಬೆರಳು ಏನು ಅಂತು ಅನ್ನೂದು
ಬೆರಳಿಗಷ್ಟೇ ಗೊತ್ತು.

ಇವತ್ತು ಎರಡು ಸಲ ತಪ್ಪು ಅಂತು.
ನಾನು ಓದಿದ್ದು ಮರಾಠಿ ಸಾಲಿ.
ಗಿಡ್ಡ ಎ, ಉದ್ದ ಏ, ಎರಡಕ್ಕೂ ಅಲ್ಲಿ ಒಂದೇ ಮಾತ್ರಾ;
ಕೊಡು ಅಂದರೂ ಕೋಡು ಅಂದರೂ
ಪಾಟಿ ಮ್ಯಾಲ ಅದೇ ಕಾನಾ, ಅದೇ ಗೆರಿ.
ಆಡಾಕ ಬರತದ, ಬರಿಯಾಕ ಬರಂಗಿಲ್ಲ,
ಈ ಯಂತ್ರಕ್ಕ ಬರೆದದ್ದೇ ಮಾತು.

ಬಾಗಿಲಾ ಮುಂದ ಮಾಡಿದೆ.
ಕಣ್ಮುಚ್ಚಿ ಬಾಯಿಬಿಟ್ಟು ಅಂದೆ, ಆಯಿ ಅಂದಂಗ:
ಉಸಿರು ಎಳೆದಲ್ಲಿ ಅಕ್ಷರ ಎರಡು,
ಮೊಟಕಾದಲ್ಲಿ ಒಂದು.
ಎಂಟರ್.

ತೆಗೀತು.
ನಕಲಾಗ್ಯದ, ನಲವತ್ತೈದು ಸೆಕೆಂಡಿಗೆ ಅಳಿಸತೀನಿ
ಅಂತ ಅಂದು ಸುಮ್ಮನಾತು.

ಅಷ್ಟರಾಗ ಕಾಟಾದ ಕಡೆಯಿಂದ ಬಿರಾಜದಾರ ಕಾಕಾ,
‘ಏ ಮಹಾನಂದಾ, ತೊಗರಿ ಗಾಡಿ ಬಂತು, ಪಾವತಿ!’
ಹೋದೆ. ಎಂಬತ್ತೆರಡು ಚೀಲ.
ತೇವ ಭಾಳ ಅದ ಅಂತ ಇವರು, ಎಲ್ಲದ ಅಂತ ಅವರು,
ಹಿಡಿ ಕಾಳು ಹಲ್ಲಿಗೆ ಹಾಕಿ ಕಟ್ ಅನ್ನಿಸಿ ತೋರಿಸಿದ್ದಾಯ್ತು.
ತಿರುಗಿ ಬರೂದ್ರಾಗ
ನಲವತ್ತೈದು ಎಂದೋ ಮುಗಿದಿತ್ತು.

ಮತ್ತ ಬಾಗಿಲಾ ಮುಂದ ಮಾಡಿದೆ.
ಹೊರಗ ಚಂದ್ರಭಾಗಾಬಾಯಿ, ಕೈಯಾಗ ಕಸಬರಿಗಿ:
‘ಒಬ್ಬಾಕಿನೇ ಅದೀಯಲ್ಲ,
ಯಾರ ಕೂಡ ಮಾತಾಡತಿ?’